ಕೆಫೀನ್ ಹೇಳಿದ ಟೈಮಿಗೇ ಕಾಣಿಸ್ಬೇಕು, ಏನ್ಮಾಡೋದು?

ಕೇಳಿದ್ದು, ಚಿಕ್ಕಮಗಳೂರಿಂದ:
ಪಿಯು ಮಕ್ಕಳಿಗೆ ಕಾಫಿ ಕುಡಿದ್ರೆ ನಿದ್ದೆ ಯಾಕೆ ಹಾರುತ್ತೆ ಅಂತ ತೋರ್ಸೋಕೆ, ಪ್ರೋಟೀನಿನ 3ಡಿ ಚಿತ್ರ ಮಾಡೋ ಸಾಫ್ಟ್‌ವೇರ್ ಪೈಮಾಲ್‌ನಲ್ಲಿ ಅನಿಮೇಷನ್ ಮಾಡ್ತಿದೀನಿ, ಅರ್ಧ ಕ್ಲಾಸು ತೋಟದ ಮನೆ ಮಕ್ಕಳೇ. ಮೊದ್ಲು ಅಡೆನೊಸಿನ್ (ಮಿದುಳಲ್ಲಿ ನಿದ್ದೆ ತರ್ಸೋ ಅಣು) ಬಂದು ಕೂರೋ ಪ್ರೋಟೀನ್, ಅಂದ್ರೆ ಅದರ ರಿಸೆಪ್ಟರ್ ಒಂದೇ, ಆಮೇಲೆ ಒಳಗೆ ಅಡೆನೊಸಿನ್, ಆಮೇಲೆ ಅದು ಹೋಗಿ ಅದೇ ಜಾಗದಲ್ಲಿ ಕೆಫೀನ್. ಸೀನ್ (ಏನೇನು ಕಾಣ್ಬೇಕು, ಕ್ಯಾಮರಾ ಎಲ್ಲಿರ್ಬೇಕು ಅನ್ನೋದು) ಸ್ಟೋರ್ ಮಾಡಿ ಒಂದನ್ನ 1ನೇ ಫ್ರೇಮಿಗೆ ಇನ್ನೊಂದನ್ನ 121ಕ್ಕೆ ಕೊಟ್ಟಿದೀನಿ, ಆದ್ರೆ ಕೆಫೀನ್ 60ರ ಹತ್ರಾನೇ ಟಪಕ್ಕಂತ ಬಂದ್ಬಿಡುತ್ತೆ. ಯಾರಾದ್ರೂ ಮಾಡಿದೀರಾ?

ಹಾಸನದಿಂದ:
ಮೇಡಂ, ಅದು ಬಗ್ ಅಲ್ಲ. ಫ್ರೇಮಿಗೆ ಸೀನ್ ಕೊಡೋ ಎಂವ್ಯೂ (mview) ಕಮಾಂಡಲ್ಲಿ ಕಟ್ (cut) ಅಂತ ಒಂದು ಆಪ್ಷನ್ ಇದೆ, ನಾವೇನೂ ಹೇಳ್ದಿದ್ರೆ ಅದು 0.5 ಇರುತ್ತೆ, ಅಂದ್ರೆ ಎರಡು ಕೀಫ್ರೇಮಿನ (ನಾವು ಸೀನ್ ಕೊಟ್ಟಿರೋ ಫ್ರೇಮು) ಅರ್ಧ ದಾರಿಗೆ ಸೀನ್ ಬದಲಾಗುತ್ತೆ, 1ಕ್ಕೂ 121ಕ್ಕೂ ಅರ್ಧ ಅಂದ್ರೆ 61 ಆಯ್ತಲ್ಲ. 1 ಕೊಟ್ರೆ ಕೊನೆಗೆ ಬದಲಾಗುತ್ತೆ, 0 ಕೊಟ್ರೆ ಶುರುವಿಗೇ. ನಾನಂತೂ ಆ ಲೆಕ್ಕಕ್ಕೇ ಹೋಗಲ್ಲ, ಹಳೇ ಸೀನನ್ನೇ 120ಕ್ಕೆ ಇನ್ನೊಂದ್ಸಲ ಸ್ಟೋರ್ ಮಾಡಿ ಹೊಸದನ್ನ 121ಕ್ಕೆ ಇಡ್ತೀನಿ, ಮಧ್ಯದಲ್ಲಿ ನುಸುಳೋಕೆ ಜಾಗಾನೇ ಇರಲ್ಲ. ಆದ್ರೆ ಎರಡೂ ಸೀನಲ್ಲಿ ಕ್ಯಾಮರಾ ಒಂದೇ ಕಡೆ ಇರ್ಬೇಕು, ಇಲ್ದಿದ್ರೆ ಚಿತ್ರ ನೆಗೆಯುತ್ತೆ. ಹೊಸದೇನೋ ಬರೋವಾಗ ಕ್ಯಾಮರಾ ನಿಲ್ಸೋದೇ ಒಳ್ಳೇದು ಬಿಡಿ, ತಿರುಗ್ತಾ ಇರೋ ಪ್ರೋಟೀನಲ್ಲಿ 24 ಅಣುವಿನಷ್ಟು ಪುಟ್ಟ ಕೆಫೀನ್ ಬಂದ್ರೆ ಯಾವ ಹುಡುಗ ನೋಡ್ತಾನೆ, ಅಲ್ಲ, ಅಣು ಅಂದೆ, ಪರಮಾಣು ಅಂತ ಓದ್ಕೊಳ್ಳಿ, ಅದರಲ್ಲೂ ಫೈಲಲ್ಲಿ ಹೈಡ್ರೋಜನ್ ಸಾಮಾನ್ಯವಾಗಿ ಇರಲ್ಲ, 14 ಅಷ್ಟೇ ಕಾಣೋದು.
ಎಂಡೂ (mdo, ಒಂದು ಫ್ರೇಮ್ ಬಂದಾಗ ಕಮಾಂಡ್ ಓಡಿಸೋದು) ಹಾಕಿ ಇಂಥ ಫ್ರೇಮಲ್ಲಿ ಶೋ ಮಾಡು ಅಂತಾನೂ ಬರೀಬಹುದು, ಆದ್ರೆ ಸ್ಲೈಡರ್ ಹಿಂದಕ್ಕೆ ಎಳೆದ್ರೆ ಬಂದಿದ್ದು ಹೋಗಲ್ಲ. 1ನೇ ಫ್ರೇಮಲ್ಲಿ ಹೈಡ್ ಬರೆದಿರ್ಲೇಬೇಕು.

ಸಕಲೇಶಪುರದಿಂದ:
ಟಪಕ್ ಅನ್ನೋದು ಬೇಡ, ಮೆಲ್ಲಗೆ ಮೂಡ್ಬೇಕು ಅಂದ್ರೆ ಪೈಮಾಲ್ ಜೊತೆ ಗುದ್ದಾಡ್ಬೇಡಿ. ಅದೇ ಕ್ಯಾಮರಾ ಓಟ ಇಟ್ಕೊಂಡು ಕೆಫೀನ್ ಇಲ್ದೆ ಒಂದ್ಸಲ, ಇಟ್ಟು ಒಂದ್ಸಲ ರೆಂಡರ್ ಮಾಡಿ, ಎಡಿಟರಲ್ಲಿ ಒಂದರ ಮೇಲೊಂದು ಹಾಕಿ ಮೇಲಿಂದರ ಒಪ್ಯಾಸಿಟಿ ಏರಿಸಿ, ನಾಳೆ ಟೈಮಿಂಗ್ ಬದಲಾದ್ರೂ ಮತ್ತೆ ರೆಂಡರ್ ಬೇಡ. ನೇರ ಮೂವಿ ತೆಗೀಬೇಡಿ, ಎಂಪಿಎನ್‌ಜಿ (mpng) ಕಮಾಂಡಲ್ಲಿ ಫ್ರೇಮ್ ಫ್ರೇಮಾಗಿ ಪಿಎನ್‌ಜಿ ತೆಗೀರಿ, ನಮ್ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ, ಹೋದ್ರೂ ನಿಂತಲ್ಲಿಂದ ಶುರು ಮಾಡ್ಬಹುದು, ಮೊದಲ ಫ್ರೇಮ್ ಕೊನೆ ಫ್ರೇಮ್ ನಂಬರ್ ಕೊಡೋಕೆ ಬರುತ್ತೆ.

ಬೇಲೂರಿಂದ:
ಯಾವ ಫೈಲ್ ತಗೊಂಡಿದೀರಿ ಮೇಡಂ? ಪ್ರೋಟೀನ್ ಡೇಟಾ ಬ್ಯಾಂಕಲ್ಲಿ (ಪ್ರೋಟೀನ್ ರಚನೆಗಳ ಸಂಗ್ರಹ) ಅಡೆನೊಸಿನ್ ಕೂತಿರೋದು 2ವೈಡಿಒ (2YDO), ಕೆಫೀನ್ ಕೂತಿರೋದು 5ಎಂಝಡ್‌ಪಿ (5MZP), ಎರಡನ್ನೂ ಮೊದ್ಲು ಅಲೈನ್ ಮಾಡಿ (ಒಂದರ ಮೇಲೊಂದು ಹೊಂದಿಸಿ), ಇಲ್ದಿದ್ರೆ ಕೆಫೀನ್ ಎಲ್ಲೋ ಮೂಲೇಲಿ ಹುಟ್ಟುತ್ತೆ. ಕಾರ್ಟೂನ್ (ಪ್ರೋಟೀನಿನ ರಿಬ್ಬನ್ ಥರದ ಚಿತ್ರ) ಒಂದೇ ಫೈಲಿಂದು ಇಟ್ಕೊಂಡು ಇನ್ನೊಂದರಿಂದ ಬರೀ ಲಿಗ್ಯಾಂಡ್, ಅಂದ್ರೆ ಒಳಗೆ ಕೂತಿರೋ ಅಣು, ತೋರ್ಸಿ, ಫೈಲಲ್ಲಿ ಕೆಫೀನ್ ರೆಸಿಡ್ಯೂ ಹೆಸರು ಸಿಎಫ್‌ಎಫ್, ಅಡೆನೊಸಿನ್‌ದು ಎಡಿಎನ್. ಎರಡರ ಪಾಕೆಟ್ (ಅಣು ಕೂರೋ ಗುಳಿ) ಪೂರ್ತಿ ಒಂದೇ ಥರ ಇರಲ್ಲ, ಅದನ್ನ ಮಕ್ಕಳಿಗೆ ಬಾಯಲ್ಲಿ ಹೇಳಿದ್ರೆ ಸಾಕು. ಇನ್ನೊಂದು, ಕೆಫೀನ್ ಫೈಲಲ್ಲಿ ಸ್ಫಟಿಕ ಮಾಡೋ ಅನುಕೂಲಕ್ಕೆ ಬಿಆರ್‌ಐಎಲ್ ಅನ್ನೋ ಬೇರೆ ಪ್ರೋಟೀನ್ ತುಂಡು ಅಂಟಿಸಿದಾರೆ, ಅದನ್ನ ಎಲ್ಲಾ ಸೀನಲ್ಲೂ ಹೈಡ್ ಮಾಡಿ.

ಚಿಕ್ಕಮಗಳೂರಿಂದ:
ತುಂಬಾ ಥ್ಯಾಂಕ್ಸ್, 120ಕ್ಕೆ ಇನ್ನೊಂದ್ಸಲ ಸ್ಟೋರ್ ಮಾಡಿದ್ ತಕ್ಷಣ ಸರಿಹೋಯ್ತು. ಎಷ್ಟು ಸೆಕೆಂಡ್ ಬಿಡೋದು ಒಂದೊಂದಕ್ಕೆ?

ಹಾಸನದಿಂದ:
ಮೊದ್ಲು ನಿಮ್ಮ ಮಾತು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ ಮೇಡಂ. "ಕೆಫೀನ್" ಅನ್ನೋ ಮಾತು ಎಷ್ಟನೇ ಸೆಕೆಂಡಲ್ಲಿ ಬರುತ್ತೋ ನೋಡಿ 30ರಿಂದ ಗುಣಿಸಿ, ಸೆಕೆಂಡಿಗೆ 30 ಫ್ರೇಮ್ ಇಟ್ಟಿದ್ರೆ ಅದೇ ನಿಮ್ಮ ಫ್ರೇಮ್ ನಂಬರ್.