ಪ್ರಶ್ನೋತ್ತರ: ನಮ್ಮ ಆಮದಿನಲ್ಲಿ ಅಭಿವೃದ್ಧಿಶೀಲ ದೇಶಗಳ ಪಾಲು ಏರಿದೆಯೋ, ಇಳಿದಿದೆಯೋ?

ಉಪನ್ಯಾಸಕಿ, ಶಿವಮೊಗ್ಗ: ನಮಸ್ಕಾರ ಸರ್. ಭಾರತದ ಆಮದಿನಲ್ಲಿ ಅಭಿವೃದ್ಧಿಶೀಲ ದೇಶಗಳ ಪಾಲು ಎಷ್ಟೆಂಬುದನ್ನು ಬಿ.ಕಾಂ. ವಿದ್ಯಾರ್ಥಿಗಳಿಗೆ ತೋರಿಸಲು ನಕ್ಷೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ವಿಶ್ವಬ್ಯಾಂಕಿನ ಆದಾಯ ವರ್ಗೀಕರಣವನ್ನು ಅನುಸರಿಸಿದ ಎರಡು ಕೋಷ್ಟಕಗಳು ಸಿಕ್ಕಿವೆ; ಎರಡರಲ್ಲೂ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳನ್ನು ಅಭಿವೃದ್ಧಿಶೀಲವೆಂದು ಎಣಿಸಲಾಗಿದೆ. 2020-21ರವರೆಗೆ ಎರಡೂ ಹೆಚ್ಚುಕಡಿಮೆ ಹೊಂದುತ್ತವೆ. 2023-24ರಲ್ಲಿ ಮಾತ್ರ ಅವುಗಳ ನಡುವೆ ಸುಮಾರು 9 ಶೇಕಡಾಂಶಗಳ ಅಂತರವಿದೆ. ಯಾವುದನ್ನು ನಂಬಲಿ?

ತಜ್ಞರು (ವಿದೇಶಿ ವ್ಯಾಪಾರ ಅಂಕಿಅಂಶ): ಒಳ್ಳೆಯ ಪ್ರಶ್ನೆ ಮೇಡಂ. ಎರಡನ್ನೂ ನಂಬಬಹುದು, ಆದರೆ ಒಂದೇ ನಕ್ಷೆಯಲ್ಲಿ ಬೆರೆಸಬಾರದು. ಆ ಅಂತರಕ್ಕೆ ರಷ್ಯಾವೇ ಕಾರಣವೆಂದು ನನ್ನ ಬಲವಾದ ಅನುಮಾನ. 2021-22ರಲ್ಲಿ ನಾವು ರಷ್ಯಾದಿಂದ ತರಿಸಿಕೊಂಡ ಸರಕಿನ ಮೌಲ್ಯ ಸುಮಾರು 10 ಶತಕೋಟಿ ಡಾಲರ್. ಉಕ್ರೇನ್ ಯುದ್ಧದ ನಂತರ ಅಲ್ಲಿನ ಕಚ್ಚಾ ತೈಲ ರಿಯಾಯಿತಿ ದರದಲ್ಲಿ ಸಿಗತೊಡಗಿದ ಮೇಲೆ, 2023-24ರಲ್ಲಿ ಅದು 61 ಶತಕೋಟಿಯಷ್ಟಾಯಿತು. ಆ ವರ್ಷದ ಒಟ್ಟು ಆಮದು ಸುಮಾರು 678 ಶತಕೋಟಿ. ಭಾಗಿಸಿ ನೋಡಿದರೆ ನಿಮ್ಮ ಶೇ. 9 ಸಿಗುತ್ತದೆ. 2024ರ ಜುಲೈನಲ್ಲಿ ವಿಶ್ವಬ್ಯಾಂಕು ರಷ್ಯಾವನ್ನು ಮೇಲ್ಮಧ್ಯಮ ಆದಾಯದ ಗುಂಪಿನಿಂದ ಅಧಿಕ ಆದಾಯದ ಗುಂಪಿಗೆ ವರ್ಗಾಯಿಸಿತು. ಹಳೆಯ ಪಟ್ಟಿಯನ್ನು ಹಿಡಿದವರ ಲೆಕ್ಕದಲ್ಲಿ ಆ ತೈಲ ಅಭಿವೃದ್ಧಿಶೀಲ ದೇಶದ್ದು. ಹೊಸ ಪಟ್ಟಿಯನ್ನು ಹಿಂದಿನ ವರ್ಷಗಳಿಗೂ ಅನ್ವಯಿಸಿದವರ ಲೆಕ್ಕದಲ್ಲಿ ಶ್ರೀಮಂತ ದೇಶದ್ದು.

ನನ್ನ ಚಿಂತೆ ಇರುವುದು ಇದರಿಂದ ಹೊರಡುವ ತೀರ್ಮಾನದ ಬಗ್ಗೆ. ರಷ್ಯಾದ ತೈಲ ಇರಾಕಿನ ತೈಲದ ಜಾಗವನ್ನೂ ಸ್ವಲ್ಪ ಆಕ್ರಮಿಸಿತು, ಮತ್ತು ಇರಾಕ್ ಮಧ್ಯಮ ಆದಾಯದ ಗುಂಪಿನಲ್ಲೇ ಇದೆ. ಹೊಸ ಪಟ್ಟಿಯನ್ನಷ್ಟೇ ನೋಡಿದ ವಿದ್ಯಾರ್ಥಿ, ಭಾರತ ಬಡ ದೇಶಗಳಿಗೆ ಬೆನ್ನು ಮಾಡಿ ಶ್ರೀಮಂತರತ್ತ ಹೊರಳಿತೆಂದು ಬರೆದುಬಿಡುತ್ತಾನೆ. ನಡೆದದ್ದು ಅಗ್ಗದ ತೈಲದ ಖರೀದಿ. ಸಂಸ್ಥೆಗಳ ನಡುವೆಯೂ ಒಮ್ಮತವಿಲ್ಲ. ಸೌದಿ ಅರೇಬಿಯ, ಯುಎಇಗಳನ್ನು ವಿಶ್ವಬ್ಯಾಂಕು ಅಧಿಕ ಆದಾಯದ ದೇಶಗಳೆನ್ನುತ್ತದೆ, ಐಎಂಎಫ್ ಅಭಿವೃದ್ಧಿಶೀಲ ಗುಂಪಿನಲ್ಲಿ ಇರಿಸುತ್ತದೆ. ದಕ್ಷಿಣ ಕೊರಿಯಾವನ್ನು ಅಂಕ್ಟಾಡ್ (ವ್ಯಾಪಾರ ಮತ್ತು ಅಭಿವೃದ್ಧಿಗಾಗಿ ಇರುವ ವಿಶ್ವಸಂಸ್ಥೆಯ ಅಂಗ) ಅಭಿವೃದ್ಧಿ ಹೊಂದಿದ ಗುಂಪಿಗೆ ಸೇರಿಸಿದ್ದು 2021ರಲ್ಲಿ. ಆದ್ದರಿಂದ ಎಲ್ಲ ವರ್ಷಗಳಿಗೂ ಒಂದೇ ಪಟ್ಟಿಯನ್ನು ಬಳಸಿ, ಅದು ಯಾವ ವರ್ಷದ್ದೆಂದು ನಕ್ಷೆಯ ಕೆಳಗೆ ನಮೂದಿಸಿ. ತೈಲದ ಬೆಲೆ ಏರಿಳಿದರೂ ಪಾಲು ಏರಿಳಿಯುವುದರಿಂದ, ತೈಲವನ್ನು ಹೊರತುಪಡಿಸಿದ ಇನ್ನೊಂದು ಗೆರೆಯನ್ನೂ ದಯವಿಟ್ಟು ಎಳೆಯಿರಿ.

ಸದಸ್ಯ, ಮೈಸೂರು: 690ರಿಂದ 699ರವರೆಗಿನ ಅಂಕಿಗಳಿಂದ ಆರಂಭವಾಗುವ ಬಾರ್‌ಕೋಡ್ ಇರುವ ವಸ್ತುಗಳನ್ನು ಎಲ್ಲರೂ ಬಿಟ್ಟರೆ ಚೀನಾದ ಪಾಲು ಒಂದೇ ವರ್ಷದಲ್ಲಿ ಕುಸಿಯುತ್ತದೆಂಬ ಸಂದೇಶ ಬಂದಿದೆ. ಸರಿಯೇ ಸರ್?

ತಜ್ಞರು: ಸರಿಯಲ್ಲ. ಆ ಅಂಕಿಗಳು ಸಂಖ್ಯೆಯನ್ನು ಯಾವ ದೇಶದ ಸಂಸ್ಥೆ ನೀಡಿತೆಂದು ಹೇಳುತ್ತವೆಯೇ ಹೊರತು ವಸ್ತು ಎಲ್ಲಿ ತಯಾರಾಯಿತೆಂದು ಹೇಳುವುದಿಲ್ಲ. ಭಾರತದ 890 ಇರುವ ಪೊಟ್ಟಣದಲ್ಲಿಯೂ ಚೀನಾದ ಸರಕು ಇರಬಹುದು. ನಾವು ಅಲ್ಲಿಂದ ತರಿಸುವುದರಲ್ಲಿ ದೊಡ್ಡ ಭಾಗ ಬಿಡಿಭಾಗ, ಯಂತ್ರ, ರಾಸಾಯನಿಕ ಮತ್ತು ಔಷಧದ ಕಚ್ಚಾ ಸಾಮಗ್ರಿ. ಇಂಥ ಸಂದೇಶಗಳನ್ನು ನಂಬಿ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ.

ಸದಸ್ಯೆ, ಕಲಬುರಗಿ: ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ನಿಂದ ತೊಗರಿ ಬರುವುದು ನಮ್ಮ ಜಿಲ್ಲೆಯ ಬೆಲೆಯನ್ನು ಎಷ್ಟು ತಗ್ಗಿಸುತ್ತದೆಂಬುದನ್ನು ಅಳೆಯುವ ವಿಧಾನವಿದೆಯೇ?

ಸದಸ್ಯ, ಹುಬ್ಬಳ್ಳಿ: ನಮ್ಮ ಚಿನ್ನದ ದೊಡ್ಡ ಪಾಲು ಸ್ವಿಟ್ಜರ್ಲೆಂಡಿನದೆನ್ನುತ್ತಾರೆ. ಅಲ್ಲಿ ಗಣಿಗಳಿವೆಯೇ?

ತಜ್ಞರು: ಅಲ್ಲಿರುವುದು ಶುದ್ಧೀಕರಣ ಘಟಕಗಳು. ಅದಿರು ಆಫ್ರಿಕಾ ಅಥವಾ ಲ್ಯಾಟಿನ್ ಅಮೆರಿಕದ್ದಾದರೂ ಲೆಕ್ಕ ಶ್ರೀಮಂತ ದೇಶಕ್ಕೆ ಸೇರುತ್ತದೆ.

ಸದಸ್ಯ, ಉಡುಪಿ: ಬಾರ್‌ಕೋಡ್ 690 ಎಂದರೆ ಚೀನಾ ಅಲ್ಲವೇ?

ತಜ್ಞರು: ಮೇಲೆ ಉತ್ತರಿಸಿದ್ದೇನೆ.

ಕಾಳುಮೆಣಸು ಬೆಳೆಗಾರ, ಮಡಿಕೇರಿ: ಪಾಲಿನ ಚರ್ಚೆ ಇರಲಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಇಳಿದು ನಮ್ಮ ಬೆಲೆಯನ್ನು ಮುರಿಯುತ್ತಿದೆ. ಇದಕ್ಕೆ ವ್ಯಾಪಾರಿಗಳೇ ಹೊಣೆ.

ಸಾಂಬಾರ ಪದಾರ್ಥಗಳ ವ್ಯಾಪಾರಿ, ಬೆಂಗಳೂರು: ಎಲ್ಲ ವ್ಯಾಪಾರಿಗಳನ್ನೂ ಕಳ್ಳರೆನ್ನಬೇಡಿ. 2017ರ ಡಿಸೆಂಬರಿನಿಂದಲೇ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಇದೆ.

ಬೆಳೆಗಾರ, ಮಡಿಕೇರಿ: ಬಿಲ್ಲಿನಲ್ಲಿ 500 ಎಂದು ಬರೆಸಿಕೊಂಡರೆ ಮುಗಿಯಿತೇ? ರಫ್ತಿಗೆಂದು ತರಿಸುವ ಮೆಣಸಿಗೆ ಆ ನಿಯಮದಿಂದ ವಿನಾಯಿತಿ ಇರುವುದು ತಮಗೆ ತಿಳಿಯದೇ?

ವ್ಯಾಪಾರಿ, ಬೆಂಗಳೂರು: ತಿಳಿದಿದೆ. ಆ ಮೆಣಸನ್ನು ಸಂಸ್ಕರಿಸಿ ಹೊರದೇಶಕ್ಕೇ ಕಳುಹಿಸಬೇಕೆಂಬ ಷರತ್ತೂ ತಿಳಿದಿದೆ; ತಾವು ಅದನ್ನು ಓದಿದಂತಿಲ್ಲ.

ತಜ್ಞರು: ಇಬ್ಬರೂ ಸ್ವಲ್ಪ ತಡೆಯಿರಿ. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದದ ಸುಂಕ ರಿಯಾಯಿತಿ ಸಿಗುವುದು ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ ಮಾತ್ರ. ವಿಯೆಟ್ನಾಂ ಮೆಣಸನ್ನು ಅಲ್ಲಿ ಚೀಲ ಬದಲಿಸಿ ಕಳುಹಿಸಿದರೆ ಅದು ಅಪರಾಧ. ಬೆಳೆಗಾರರ ಆತಂಕ ನ್ಯಾಯವಾದದ್ದು. ಪುರಾವೆಯಿದ್ದರೆ ಕಸ್ಟಮ್ಸ್ ಇಲಾಖೆಗೆ ಲಿಖಿತ ದೂರು ಕೊಡಿ, ಇಲ್ಲಿ ಒಬ್ಬರನ್ನೊಬ್ಬರು ಹಳಿಯಬೇಡಿ.

ಸದಸ್ಯೆ, ಕಲಬುರಗಿ: ತೊಗರಿಯ ಬಗ್ಗೆ ಕೇಳಿದ್ದೆ.

ಬೆಳೆಗಾರ, ಮಡಿಕೇರಿ: ದೂರು ಕೊಡಿ ಎನ್ನುವುದು ಸುಲಭ. ಪುರಾವೆ ಇರುವುದು ಆಮದುದಾರರ ಕಡತದಲ್ಲಿ, ನಮ್ಮ ತೋಟದಲ್ಲಲ್ಲ.

ಸದಸ್ಯ, ಮಂಡ್ಯ: ಬಾರ್‌ಕೋಡ್ ಪಟ್ಟಿಯನ್ನು ಮತ್ತೊಮ್ಮೆ ಹಾಕುತ್ತಿದ್ದೇನೆ, ಎಲ್ಲರಿಗೂ ತಲುಪಿಸಿ.

ತಜ್ಞರು: ಅದನ್ನು ಅಳಿಸಿ. ಅಡ್ಮಿನ್ ಅವರು ಗಮನಿಸಬೇಕು.