ಅಮ್ಮನ ಹೃದಯದ ಬಲಗಡೆಗೆ ಪಂಪ್ ಹಾಕಿದ್ದಾರೆ, ತಿಳಿದವರು ದಯವಿಟ್ಟು ಹೇಳಿ

ಸುಧಾ, ನ್ಯೂಜೆರ್ಸಿ:
ಅಮ್ಮ ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು. ಭಾನುವಾರ ಬೆಳಗ್ಗೆ ಎದೆಗುಂಡಿಯ ಕೆಳಗೆ ನೋವು ಅಂದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ನೀರು ಕೊಟ್ಟೆ. ಒಂದು ಗಂಟೆ ಹಾಗೇ ಹೋಯಿತು. ಅದು ಹಾರ್ಟ್ ಅಟ್ಯಾಕ್. ಬಲಗಡೆಯ ರಕ್ತನಾಳ ಪೂರ್ತಿ ಮುಚ್ಚಿತ್ತು. ಸ್ಟೆಂಟ್ ಹಾಕಿದರೂ ಬಿಪಿ ಏರಲಿಲ್ಲ. ಈಗ ಕತ್ತಿನ ರಕ್ತನಾಳದಿಂದ ಇಂಪೆಲ್ಲಾ ಆರ್‌ಪಿ ಫ್ಲೆಕ್ಸ್ ಅನ್ನುವ ಪಂಪ್ ಇಳಿಸಿದ್ದಾರೆ. ಇವತ್ತು ಮೂರನೇ ದಿನ. ಎಡಗಡೆ ಚೆನ್ನಾಗಿದೆ ಅಂತಾರೆ. ಹಾಗಾದರೆ ಪಂಪ್ ಯಾಕೆ? ಮೂತ್ರ ಬೇರೆ ಬೆಳಗ್ಗೆಯಿಂದ ಕಂದು ಬಣ್ಣಕ್ಕೆ ತಿರುಗಿದೆ. ತುಂಬಾ ಭಯವಾಗುತ್ತಿದೆ.

ರೇಖಾ, ಐಸಿಯು ನರ್ಸ್, ಹ್ಯೂಸ್ಟನ್:
ಸುಧಾ, ಮೂತ್ರದ ವಿಷಯ ಮೊದಲು. ಈಗಲೇ ಹೋಗಿ ಅಲ್ಲಿನ ನರ್ಸ್‌ಗೆ ಹೇಳಿ. ಅವರು ನೋಡಿರುತ್ತಾರೆ ಅಂತ ಸುಮ್ನಿರಬೇಡಿ. ಪಂಪಿನೊಳಗಿನ ಪುಟ್ಟ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಪಂಪ್ ಜಾಗ ಬಿಟ್ಟು ಸರಿದರೆ ಕೆಂಪು ರಕ್ತಕಣ ಒಡೆಯುತ್ತವೆ, ಮೂತ್ರದ ಬಣ್ಣ ಬದಲಾಗುತ್ತದೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡಿಕೊಂಡು ಸರಿಪಡಿಸುತ್ತಾರೆ, ಇಲ್ಲವೇ ವೇಗ ಇಳಿಸುತ್ತಾರೆ.

ಇನ್ನು ಪಂಪ್ ಯಾಕೆ ಅಂದರೆ, ಬಲಗಡೆ ಶ್ವಾಸಕೋಶಕ್ಕೆ ತಳ್ಳಿದ ರಕ್ತವನ್ನೇ ಎಡಗಡೆ ಮೈಗೆಲ್ಲ ಹಂಚಬೇಕು. ಬಲಗಡೆ ಸೋತರೆ ಎಡಗಡೆಗೆ ರಕ್ತವೇ ಸಾಲುವುದಿಲ್ಲ, ಬಿಪಿ ಬೀಳುತ್ತದೆ. ಹಿಂದೆ ನಿಂತ ರಕ್ತದಿಂದ ಲಿವರ್ ಊದುತ್ತದೆ. ಈ ಪಂಪ್ ಸೋತ ಕೋಣೆಯ ಕೆಲಸವನ್ನು ತಾನು ಹೊತ್ತುಕೊಂಡು ನಿಮಿಷಕ್ಕೆ 4 ಲೀಟರಿನಷ್ಟು ರಕ್ತವನ್ನು ಶ್ವಾಸಕೋಶದ ನಾಳಕ್ಕೆ ತಲುಪಿಸಬಲ್ಲದು. 14 ದಿನದವರೆಗೆ ಇಡಲು ಒಪ್ಪಿಗೆ ಇದೆ. ಬಲಗಡೆಯ ಗೋಡೆ ತೆಳು, ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆ. ನಾಳ ತೆರೆದ ಮೇಲೆ ಅದು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಆ ಬಿಡುವು ಕೊಡುವುದಕ್ಕೇ ಪಂಪ್.

ಜೀರಿಗೆ ನೀರಿಗಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹೃದಯದ ಕೆಳಗೋಡೆಯ ಅಟ್ಯಾಕ್ ಹೊಟ್ಟೆನೋವಿನ ಹಾಗೇ ಬರುವುದುಂಟು.

ಶ್ರೀಧರ, ಡಲ್ಲಾಸ್:
ಈ ಪಂಪಿನ ಹಳೆಯ ಮಾದರಿಯ ಅಧ್ಯಯನದಲ್ಲಿ 30 ಜನರಲ್ಲಿ ಸುಮಾರು 73% ಬದುಕುಳಿದರು ಅಂತ ಓದಿದ್ದೆ. ಇದು ಕಡಿಮೆ ಅಲ್ವಾ?

ರೇಖಾ:
ಶ್ರೀಧರ ಅವರೇ, ಆ 30ರಲ್ಲಿ 18 ಜನ ಎಡಗಡೆಗೆ ಶಾಶ್ವತ ಪಂಪ್ ಹಾಕಿಸಿಕೊಂಡ ಮೇಲೆ ಬಲಗಡೆ ಸೋತವರು. ಸುಧಾ ಅವರ ಅಮ್ಮನ ಸ್ಥಿತಿ ಬೇರೆ. ಆ ಅಂಕಿ ಇವರಿಗೆ ಹೊಂದುವುದಿಲ್ಲ. ಆಗ ಪಂಪನ್ನು ತೊಡೆಯಿಂದ ಹಾಕುತ್ತಿದ್ದರು, ಮಲಗಿಯೇ ಇರಬೇಕಿತ್ತು. ಕತ್ತಿನ ಮಾದರಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಲ್ಲಿ ರೋಗಿಯನ್ನು ಎಬ್ಬಿಸಿ ಕೂರಿಸಲು ಅನುಕೂಲ.

ಸುಧಾ:
ರೇಖಕ್ಕಾ, ಪಂಪ್ ಸ್ವಲ್ಪ ಒಳಕ್ಕೆ ಜಾರಿತ್ತಂತೆ. ಸರಿ ಮಾಡಿದರು. ಸಂಜೆಗೆ ಮೂತ್ರ ತಿಳಿಯಾಯಿತು. ನಾಳೆಯಿಂದ ವೇಗ ಒಂದೊಂದೇ ಹಂತ ಇಳಿಸುತ್ತಾರಂತೆ. ಮಾನಿಟರಿನಲ್ಲಿ ನಾನು ಏನು ನೋಡಲಿ?

ರೇಖಾ:
ಸಿವಿಪಿ (ಹೃದಯದ ಬಲಗಡೆಗೆ ಬರುವ ದೊಡ್ಡ ರಕ್ತನಾಳದೊಳಗಿನ ಒತ್ತಡ) ಮತ್ತು ಬಿಪಿ, ಎರಡನ್ನೂ ಒಟ್ಟಿಗೆ ನೋಡಿ. ವೇಗ ಇಳಿಸಿದಾಗ ಸಿವಿಪಿ ಏರದೆ, ಬಿಪಿ ಇಳಿಯದೆ ಇದ್ದರೆ ಅಮ್ಮನ ಹೃದಯ ತಾನೇ ತಳ್ಳುತ್ತಿದೆ ಅಂತ. ಸಿವಿಪಿ ಏರಿದರೆ ಇನ್ನೆರಡು ದಿನ ಬಿಟ್ಟು ಮತ್ತೆ ನೋಡಬಹುದು, ಅವಸರವೇನಿಲ್ಲ. ನಾಳೆ ಏನಾಯಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.