ಅಪ್‌ಡೇಟ್: ಅಪ್ಪನ ಹಳೇ ಡೆಸ್ಕ್‌ಟಾಪ್ ಬದುಕಿಕೊಳ್ತು

ಮಂಡ್ಯದ ಮನೇಲಿರೋ ಅಪ್ಪನ 2014ರ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಬಹುದಾ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದರ ಕಥೆ ಇದು. ಆಗಲಿಲ್ಲ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ಪ್ರೊಸೆಸರ್ ನಾಲ್ಕನೇ ತಲೆಮಾರಿನ ಐ3. ಅದು ಕೇಳೋದು ಎಂಟನೇದು ಅಥವಾ ಅದಕ್ಕಿಂತ ಹೊಸದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯವನು ‘ಗುಜರಿಗೆ ಹಾಕಿ ಸಾರ್’ ಅಂದ. ಮನಸ್ಸು ಬರಲಿಲ್ಲ.

ನೀವು ಹೇಳಿದ ಹಾಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ ಇನ್‌ಸ್ಟಾಲ್ ಮಾಡಿದೆ. ಇನ್‌ಸ್ಟಾಲ್ ಸಲೀಸು. ಆಮೇಲೆ ಶುರುವಾಯ್ತು ಗೋಳು: ಬ್ರೌಸರ್‌ನಲ್ಲಿ ಯಾವ ಸೈಟ್ ತೆರೆದರೂ ‘ಸುರಕ್ಷಿತವಲ್ಲ’. ಅರ್ಧ ದಿನ ವೈಫೈಗೆ ಬೈದೆ. ನೋಡಿದರೆ ಕಂಪ್ಯೂಟರಿನ ಗಡಿಯಾರ 2014ರ ಜನವರಿಯಲ್ಲಿ ನಿಂತಿತ್ತು! ತಾರೀಖು ತಪ್ಪಿದ್ದರೆ ಸೈಟುಗಳ ಸುರಕ್ಷತಾ ಪ್ರಮಾಣಪತ್ರವನ್ನ ಬ್ರೌಸರ್ ಒಪ್ಪಲ್ಲ. ಗಡಿಯಾರ ನಡೆಸೋ, ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತಿತ್ತು. ಬಟನ್ ಗಾತ್ರದ ಹೊಸ ಸೆಲ್ ಹಾಕಿ ತಾರೀಖು ಸರಿಮಾಡಿದ ಮೇಲೆ ಎಲ್ಲ ತೆರೆದುಕೊಂಡವು.

ಇನ್ನೊಂದು ತಲೆನೋವು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ. ಅಪ್ಪನ ಕಬ್ಬಿನ ಲೆಕ್ಕ, ಅರ್ಜಿಗಳೆಲ್ಲ ಹಳೇ ನುಡಿ ಫಾಂಟಿನವು. ಮಿಂಟ್‌ನಲ್ಲಿ ವರ್ಡ್ ಥರ ಇರೋ ಲಿಬ್ರೆಆಫೀಸಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಹಳೇ ಡಿಸ್ಕ್‌ನಿಂದ ಆ ಫಾಂಟ್ ಫೈಲ್ ತಂದು ಹಾಕಿದ ಮೇಲೆ ಓದೋಕೆ ಬಂತು. ಹೊಸದಾಗಿ ಟೈಪ್ ಮಾಡೋಕೆ ಮಿಂಟ್‌ನ ಕೀಬೋರ್ಡ್ ಲೇಔಟ್‌ಗಳಲ್ಲೇ ಕಗಪ (ನುಡಿಯಲ್ಲೂ ಇರೋ ಕೀಲಿ ವಿನ್ಯಾಸ) ಇದೆ, ಅಪ್ಪನ ಬೆರಳಿಗೆ ಅದು ಹೊಸದೇನಲ್ಲ.

ಮೊದಲು ಆನ್ ಮಾಡಿ ಕಾಫಿ ಕುಡಿದು ಬರ್ತಿದ್ರು. ನಿನ್ನೆ ‘ಏನ್ಲಾ, ಆಗ್ಲೇ ಬಂದ್ಬುಡ್ತಲ್ಲ’ ಅಂದ್ರು. ಪ್ರಿಂಟರ್ ಮಾತ್ರ ಇನ್ನೂ ಮುನಿಸಿಕೊಂಡಿದೆ, ಭಾನುವಾರ ಅದನ್ನ ಹಿಡೀತೀನಿ.